ಅವ್ವ ಮೂಸದ ಮಲ್ಲಿಗೆ

ನಮ್ಮ ಮನೆಯಲ್ಲಿ ಮಲ್ಲಿಗೆಯನ್ನು ಯಾರೂ ಮೂಸುವಂತಿರಲಿಲ್ಲ. ಹಡಗಲಿಯ ಹೊರಗೆ ನಮ್ಮದೊಂದು ಚಿಕ್ಕ ಹೂವಿನ ತೋಟ. ಅವ್ವ ಮುಂಜಾನೆ ಮೊಗ್ಗು ಬಿಡಿಸಿ ತಂದು, ಪಡಸಾಲೆಯಲ್ಲಿ ಕೂತು ಬಾಳೆನಾರಿನಲ್ಲಿ ಮಾಲೆ ಕಟ್ಟುತ್ತಿದ್ದಳು. ಮೂಸಿದ ಹೂ ದೇವರಿಗೆ ಸಲ್ಲುವುದಿಲ್ಲ. ಯಾವ ಮಾಲೆ ಮುಡಿಗೆ, ಯಾವುದು ಗುಡಿಗೆ ಎಂದು ಮೊದಲೇ ಹೇಳುವವರು ಯಾರು? ಹಾಗಾಗಿ ಒಂದನ್ನೂ ಮೂಸಬಾರದು. ಚಿಕ್ಕವಳಿದ್ದಾಗ ಬುಟ್ಟಿಗೆ ಮುಖವಿಟ್ಟು ಬೆನ್ನಿಗೆ ತಿಂದ ಗುದ್ದು ನನಗೆ ಇನ್ನೂ ನೆನಪಿದೆ.

ತೊಂಬತ್ತರ ದಶಕದ ಕೊನೆಗೆ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದೆ, ಮನೆಯಿಂದಲೇ ಬಸ್ಸಿನಲ್ಲಿ ಓಡಾಟ. ಒಂದು ಮುಂಜಾನೆ ಅವ್ವ ತೋಟದ ಕೆಸರಿನಲ್ಲಿ ಜಾರಿ ಹಿಂದಕ್ಕೆ ಬಿದ್ದಳು. ಕಾಲುವೆಯ ಕಲ್ಲು ಹಿಂದಲೆಗೆ ಬಡಿಯಿತು. ರಕ್ತ ಬರಲಿಲ್ಲ, ಒಂದು ಬೋರೆ ಎದ್ದು ಇಳಿಯಿತು. ಎಲ್ಲರೂ ಮರೆತೆವು.

ವಾರ ಕಳೆದ ಮೇಲೆ ನಾನು ಮನೆಗೆ ಬಂದಾಗ ಒಲೆಯ ಮೇಲೆ ಹಾಲು ಸೀದು ಕರಕಾಗಿತ್ತು. ಅವ್ವ ಪಕ್ಕದಲ್ಲೇ ಬೆನ್ನು ಹಾಕಿ ಅಕ್ಕಿ ಆರಿಸುತ್ತ ಕೂತಿದ್ದಳು.

"ಅವ್ವ, ಸೀದ ವಾಸನಿ ಬರ್ಲಿಲ್ಲೇನು?"

"ಬಿದ್ದಾಗಿಂದ ಏನೂ ಬರವಲ್ದು," ಅಂದಳು. ಆಮೇಲೆ ಮೆಲ್ಲಗೆ, "ಸಂಜಿಮುಂದ ಹೂ ಅರಳಿದ್ರ ಪಡಸಾಲಿ ತುಂಬತಿತ್ತು. ಈಗ ಕಾಗದದ ಹೂ ಕಟ್ಟಿದಂಗ ಆಗೇತಿ."

ಮೂಸದೇ ಇದ್ದರೂ ಆ ಪರಿಮಳದಲ್ಲೇ ಬದುಕಿದವಳು ಅವಳು. ಅದು ಹೋದರೆ ಅವಳಿಗೆ ಏನು ಉಳಿಯುತ್ತದೆ ಎಂದು ನನಗೆ ಭಯವಾಯಿತು.

ಹರಪನಹಳ್ಳಿಯ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಮೂಗಿನ ಚಾವಣಿಯಲ್ಲಿ ಜರಡಿಯಂಥ ತೂತುಗಳಿರುವ ತೆಳು ಮೂಳೆ. ವಾಸನೆಯ ನರ ಅಂದರೆ ಒಂದು ಹಗ್ಗವಲ್ಲ, ಆ ತೂತುಗಳಲ್ಲಿ ಮೇಲೇರುವ ಸಣ್ಣ ಎಳೆಗಳು. ಮೇಲೆ, ಮಿದುಳಿನ ಮುಂಭಾಗದ ಅಡಿಯಲ್ಲಿ, ಎಳೆಗಳು ಸೇರುವ, ಈರುಳ್ಳಿ ಗಡ್ಡೆಯಂಥ ಪುಟ್ಟ ಭಾಗ. ಅಲ್ಲಿಂದ ದಾರಿ ನೆನಪು, ಭಾವನೆಗಳ ಜಾಗಕ್ಕೆ. ತಲೆಗೆ ಏಟು ಬಿದ್ದು ಮಿದುಳು ಜಗ್ಗಿದಾಗ ಎಳೆಗಳು ಜರಡಿಯ ಬಾಯಲ್ಲೇ ಕತ್ತರಿಸಿ ಹೋಗಬಹುದಂತೆ. ವರ್ಷಗಟ್ಟಲೆ ಬೋರ್ಡಿನ ಮೇಲೆ ಒಂದೇ ದಪ್ಪ ಗೆರೆ ಎಳೆದು 'ಘ್ರಾಣ ನರ' ಎಂದು ಬರೆಯುತ್ತಿದ್ದ ನಾನು ತಲೆ ತಗ್ಗಿಸಿದೆ.

"ಆದ್ರ ನೋಡ್ರಿ ಟೀಚರ್, ಈ ಎಳಿ ಮತ್ತ ಹುಟ್ಟತಾವ. ಮೇಲೆ ದಾರಿ ಸಿಕ್ಕರ ವಾಸನಿ ಬರತೈತಿ. ಸಿಗದೇ ಹೋದ್ರ ಇಲ್ಲ. ಕಾಯ್ರಿ."

ಕಾಯುವುದು ನನ್ನ ಜಾಯಮಾನವಲ್ಲ. ದಿನಾ ಕೊತ್ತಂಬರಿ, ಏಲಕ್ಕಿ, ಲವಂಗ ಹಿಡಿದು ಅವ್ವನ ಬೆನ್ನು ಹತ್ತಿದೆ. ಮಲ್ಲಿಗೆ ಮೂಸು ಅಂದರೆ ಮಾತ್ರ, "ಮೂಗು ಹೋದ್ರ ಹೋತು, ದೇವರ ಹೂ ಮೂಸಂಗಿಲ್ಲ" ಅಂದುಬಿಟ್ಟಳು. ಒಂದು ದಿನ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಾಗ ಅವ್ವ ಅಕ್ಷಿ ಅಕ್ಷಿ ಎಂದು ಸೀನಿದಳು. "ಬಂತು!" ಎಂದು ಓಣಿಗೆಲ್ಲ ಸಕ್ಕರೆ ಹಂಚಿದೆ. ಡಾಕ್ಟರು ನಕ್ಕರು: ಘಾಟು ವಾಸನೆಯಲ್ಲ, ಮುಖದ ಉರಿ ನೋವು ಒಯ್ಯುವ ಬೇರೆಯೇ ನರದ್ದು, ಅದಕ್ಕೆ ಏಟು ಬಿದ್ದಿರಲಿಲ್ಲ. ವಿಜ್ಞಾನದ ಟೀಚರಮ್ಮನ ಮರ್ಯಾದೆ ಸಕ್ಕರೆಯ ಜತೆ ಕರಗಿತು.

ಐದಾರು ತಿಂಗಳ ಮೇಲೆ ಒಂದು ಸಂಜೆ ಅವ್ವ ಹೂವಿನ ಬುಟ್ಟಿಯನ್ನು ದೂರ ತಳ್ಳಿದಳು. "ಹೂ ಕೆಟ್ಟಾವ. ಸೀಮೆಎಣ್ಣಿ ಸುರುವಿದಂಗ ನಾತ. ಇವನ್ನ ಮಾರೂದು ಬ್ಯಾಡ."

ನಾನು ಬುಟ್ಟಿಗೇ ಮುಖವಿಟ್ಟೆ. ಹೂ ಘಮಘಮ ಎನ್ನುತ್ತಿತ್ತು. ನನಗೆ ಅಳು ಒತ್ತಿ ಬಂತು.

"ನಾತ ಬಂದ್ರ ಅಳ್ತಾರೇನು? ಬುಟ್ಟಿ ಬ್ಯಾರೆ ಮೂಸಿಬಿಟ್ಟಿ!"

"ಅವ್ವ, ನಿನಗ ನಾತ ಬಂತಲ್ಲ, ಅದಕ್ಕ!" ಎಂದೆ. ಹೊಸ ಎಳೆಗಳು ಮೇಲೆ ತಲುಪಿದ್ದವು. ಮೊದಮೊದಲು ತಪ್ಪು ಜಾಗಕ್ಕೆ ಅಂಟಿ ತಪ್ಪು ಸುದ್ದಿ ಹೇಳುವುದುಂಟು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಷ್ಟು ತಿಂಗಳಲ್ಲಿ ಮೊದಲ ಸಲ ನನ್ನ ಎದೆ ಹಗುರಾಯಿತು. ಆ ದಿನದ ಬುಟ್ಟಿ ಗುಡಿಗೆ ಹೋಗಲಿಲ್ಲ, ಓಣಿಯ ಹೆಣ್ಣುಮಕ್ಕಳ ಮುಡಿಗೆ ಹೋಯಿತು.

ಅವ್ವನ ಮೂಗಿನ ಸೀಮೆಎಣ್ಣೆ ನಾತ ನಿಧಾನವಾಗಿ ತಿಳಿಯಾಗುತ್ತ ಬಂತು. ಮರು ಬೇಸಿಗೆಯ ಒಂದು ಸಂಜೆ, ಮಾಲೆ ಕಟ್ಟುತ್ತಿದ್ದ ಅವ್ವನ ಕೈ ತಟ್ಟನೆ ನಿಂತಿತು. ಆಗತಾನೇ ಅರಳುತ್ತಿದ್ದ ಒಂದು ಹೂ ಎತ್ತಿ, ಕಣ್ಣು ಮುಚ್ಚಿ, ಮೂಗಿಗೆ ಹಿಡಿದು ಉದ್ದಕ್ಕೆ ಎಳೆದುಕೊಂಡಳು. ನಾನು ಬಾಯಿ ಬಿಟ್ಟು ನೋಡಿದೆ.

"ಇದು ದೇವರಿಗಲ್ಲ, ನಂದು," ಎಂದು ಅದನ್ನು ತುರುಬಿಗೆ ಸಿಕ್ಕಿಸಿಕೊಂಡಳು. ಆಮೇಲೆ ಇನ್ನೊಂದು ಹೂ ಆರಿಸಿ ನನ್ನ ಕಡೆ ಚಾಚಿದಳು. "ತಗೋ, ನೀನೂ ಮೂಸು."

ಮೂಸಿದೆ. ಗುದ್ದು ಬೀಳಲಿಲ್ಲ.