ನೀರಿನ ಟ್ಯಾಂಕಿನ ಪಕ್ಕದ ಮೆಟ್ಟಿಲು

ಪಕ್ಕದ ಮನೆಯವರ ಪ್ರೀತಿ ನೆನೆಸಿಕೊಂಡರೆ ನನಗೆ ಇವತ್ತಿಗೂ ಹೇಸಿಗೆಯಾಗುತ್ತದೆ. ಬೈದರೆ, ಹೊಡೆದರೆ ನೆರೆಯವರು ಹೋಗಿ ಯಾಕ್ರೀ ಅಂತ ಕೇಳಬಹುದು. ಪ್ರೀತಿ ಮಾಡುವವರನ್ನು ಏನಂತ ಕೇಳುವುದು?

ಆ ಮನೆಯ ಸೊಸೆ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂರುವವಳು. ಬೀದಿಗೆಲ್ಲ ಅವಳು ವಿಚಾರಣೆ ಅಕ್ಕ. ಮುಂದೊಂದು ಗಾಜು, ಗಾಜಿನಲ್ಲಿ ಅಂಗೈಯಗಲದ ತೂತು. ಬಂದವರೆಲ್ಲ ಆ ತೂತಿಗೆ ಬಾಯಿಟ್ಟು ಬೆಳಗಿನಿಂದ ಅವಳ ಮುಖಕ್ಕೆ ಎಂಜಲು ಹಾರಿಸುತ್ತಾರೆ. ಬಸ್ಸು ತಡವಾದರೂ ಅವಳದೇ ತಪ್ಪು, ಹೊತ್ತಿಗೆ ಸರಿಯಾಗಿ ಹೊರಟುಹೋದರೂ ಅವಳದೇ ತಪ್ಪು. ಸಂಜೆ ಆ ಗಾಜನ್ನು ಒರೆಸುವವಳೂ ಅವಳೇ. "ಒರೆಸೋ ಬಟ್ಟೆ ನಾರುತ್ತೆ ದೊಡ್ಡಮ್ಮ" ಅಂದಿದ್ದಳು ಒಮ್ಮೆ. ಥೂ!

ಮನೆಗೆ ಬಂದವಳು ಚಪ್ಪಲಿ ಬಿಟ್ಟು, ಒಂದು ಲೋಟ ಟೀ ಹಿಡಿದು, ತಾರಸಿಯ ಮೆಟ್ಟಿಲ ಮೇಲೆ ನೀರಿನ ಟ್ಯಾಂಕಿಗೆ ಒರಗಿ ಕೂರುತ್ತಿದ್ದಳು. ಫೋನಿಲ್ಲ, ಮಾತಿಲ್ಲ. ನನ್ನ ಅಡುಗೆಮನೆ ಕಿಟಕಿ ಅತ್ತಲೇ ಇರುವುದರಿಂದ ಕಂಡೂ ಕಾಣದ ಹಾಗೆ ಪಾತ್ರೆ ಉಜ್ಜುತ್ತಿದ್ದೆ. ಟೀ ಮುಗಿಯುವಷ್ಟರಲ್ಲಿ ಅವಳ ಮುಖಕ್ಕೆ ಕಳೆ ಬರುತ್ತಿತ್ತು. ಇಳಿದು ಹೋಗಿ ನಗುತ್ತಲೇ ಒಲೆ ಮುಂದೆ ನಿಲ್ಲುತ್ತಿದ್ದಳು. ತಲೆ ಕೆಡದಿರಲು ತಾನೇ ಕಂಡುಕೊಂಡ ಮದ್ದು ಅದು.

ಅಷ್ಟರಲ್ಲಿ ನಾದಿನಿ ಫೋನಿನಲ್ಲಿ ಏನೋ ವಿಡಿಯೊ ನೋಡಿದಳು. ಒಬ್ಬರೇ ಕೂರುವುದು ಮನಸ್ಸಿನ ಕಾಯಿಲೆಯ ಲಕ್ಷಣವಂತೆ! "ಅತ್ತಿಗೇನ ಇನ್ಮೇಲೆ ಒಂಟಿಯಾಗಿ ಬಿಡ್ಬಾರ್ದು" ಅಂತ ಠರಾವಾಯಿತು. ಮನೆಮಂದಿ ಸರದಿ ಹಾಕಿಕೊಂಡರು.

ಮೊದಲು ಅತ್ತೆ ಹತ್ತಿದಳು. ಸೊಸೆಯ ಮನಸ್ಸು ಹಗುರ ಮಾಡಲು ಹೋದವಳು ತನ್ನ ಮಂಡಿನೋವು, ಮಲಬದ್ಧತೆ, ಸತ್ತ ಗಂಡನ ಸಿಡುಕು ಎಲ್ಲವನ್ನೂ ಅವಳ ಮಡಿಲಿಗೆ ಸುರಿದು, "ನಂಗಂತೂ ಹಗುರಾಯ್ತು ಕಣಮ್ಮ" ಅಂತ ಇಳಿದು ಬಂದಳು. ಟೈರ್ ಅಂಗಡಿ ಇಟ್ಟಿದ್ದ ಸೊಸೆಯ ಗಂಡ ಮಸಿಕೈಯಲ್ಲೇ ಪಕ್ಕ ಕೂತು, "ಏನಿದ್ರೂ ಹೇಳ್ಬಿಡು, ಮನಸಲ್ಲಿ ಇಟ್ಕೋಬೇಡ" ಅನ್ನುವುದು, ಅವಳು ಬಾಯಿ ತೆರೆಯುವ ಮೊದಲೇ ಗಿರಾಕಿಗಳ ಪುರಾಣ ತೆಗೆಯುವುದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಟೀ ಲೋಟದಲ್ಲೇ ಕೆನೆಗಟ್ಟುತ್ತಿತ್ತು.

"ನಂಗೇನೂ ಆಗಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಬಿಡಿ ಸಾಕು" ಅಂದಳು ಅವಳು.

"ನೋಡಿದ್ಯೇನಮ್ಮ, ಇದೇ ಲಕ್ಷಣ!" ಅಂದಳು ನಾದಿನಿ, ಬಹುಮಾನ ಬಂದವಳ ಹಾಗೆ.

ಬರಬರುತ್ತ ಸೊಸೆ ಮಾತುಮಾತಿಗೆ ಸಿಡಿಯತೊಡಗಿದಳು, ಹಾಲು ಉಕ್ಕಿದರೂ ನೋಡುತ್ತ ನಿಲ್ಲುತ್ತಿದ್ದಳು. ತಡೆಯಲಾರದೆ ನಾನೇ ಅತ್ತೆಗೆ ಹೇಳಿದೆ: "ಅವಳ ಪಾಡಿಗೆ ಅವಳನ್ನ ಬಿಡ್ರೀ, ಇಲ್ದಿದ್ರೆ ನಿಜವಾಗ್ಲೂ ಹುಚ್ಚು ಹಿಡಿಯುತ್ತೆ."

"ನಿಮಗೆ ಹಿಂದೆ ಮುಂದೆ ಯಾರೂ ಇಲ್ಲ, ಅದಕ್ಕೇ ಹಾಗಂತೀರಿ" ಅಂದಳು. ಇಂಥವರು ಇರುವುದಕ್ಕಿಂತ ಇಲ್ಲದಿರುವುದೇ ವಾಸಿ.

ಒಂದು ಸಂಜೆ ಸೊಸೆ ಮನೆಗೆ ಬರಲಿಲ್ಲ. ಫೋನೂ ಎತ್ತಲಿಲ್ಲ. ಅತ್ತೆ ಎದೆ ಬಡಿದುಕೊಂಡಳು. ನನ್ನನ್ನೂ ಎಳೆದುಕೊಂಡೇ ಎಲ್ಲರೂ ನಿಲ್ದಾಣಕ್ಕೆ ಓಡಿದರು. ನನಗೂ ಜೀವ ಬಾಯಿಗೆ ಬಂದಿತ್ತು. ಹಿಂದುಗಡೆ ಶೆಡ್ಡಿನಲ್ಲಿ ಕೆಟ್ಟು ನಿಂತ ಬಸ್ಸೊಂದರ ಕೊನೇ ಸೀಟಿನಲ್ಲಿ, ಮಡಿಲಲ್ಲಿ ಟೀ ಲೋಟ ಇಟ್ಟುಕೊಂಡು, ಅವಳು ಸುಮ್ಮನೆ ಕೂತಿದ್ದಳು. ಕಳೆ ಬಂದಿತ್ತು ಮುಖಕ್ಕೆ.

ಅತ್ತೆ ದಬದಬ ಹತ್ತಿ, ಸೆರಗಿನಿಂದ ಸೀಟು ಒರೆಸಿ ಪಕ್ಕದಲ್ಲೇ ಕೂತಳು. ಗಂಡ ಮುಂದಿನ ಸೀಟಿನಲ್ಲಿ ತಿರುಗಿ ಕೂತ. ನಾದಿನಿಯ ಹಿಂದೆ ನಾನೂ ಹತ್ತಿ ಬಾಗಿಲ ಹತ್ತಿರ ನಿಂತೆ. "ಜಾಗ ಚೆನ್ನಾಗಿದೆ ಕಣೆ. ಇನ್ಮೇಲೆ ದಿನಾ ನಾವೂ ಇಲ್ಲಿಗೇ ಬರ್ತೀವಿ" ಅಂದಳು ಅತ್ತೆ.

ಅವಳು ಎದ್ದು ನಿಂತಳು. ಸೊಸೆಯ ದನಿಯಲ್ಲ, ಕೌಂಟರಿನ ದನಿ: "ಈ ಬಸ್ಸು ಎಲ್ಲಿಗೂ ಹೋಗಲ್ಲ. ಎಲ್ಲರೂ ಇಳೀರಿ."

ಆ ದನಿಗೆ ಯಾರೂ ಎದುರಾಡುವುದಿಲ್ಲ. ಮೊದಲು ನಾನು ಇಳಿದೆ, ಹಿಂದೆಯೇ ಅವರೂ ಇಳಿದರು. ಅವಳು ಒಳಗಿನಿಂದ ಬಾಗಿಲು ಎಳೆದುಕೊಂಡು, ಹೋಗಿ ಮತ್ತೆ ಅಲ್ಲೇ ಕೂತಳು. ಅತ್ತೆ ಕಿಟಕಿಯ ಗಾಜಿಗೆ ಬಾಯಿಟ್ಟು ಏನೇನೋ ಕೇಳುತ್ತಲೇ ಇದ್ದಳು. ಆ ಗಾಜಿಗೆ ತೂತಿರಲಿಲ್ಲ.