ಅವಳ ಅಳತೆಯ ಶೂ

ಓಮಲೂರು ಬಸ್ ಸ್ಟ್ಯಾಂಡಿನಲ್ಲಿ ನನ್ನ ಚಪ್ಪಲಿ ಕಿತ್ತುಹೋಯಿತು. ಕೆಲಸಕ್ಕೆಂದು ಊರೂರು ಸುತ್ತುವವಳು ನಾನು. ಸ್ಕರ್ಟಿಗೂ ಒಪ್ಪಿ ಕಾಲನ್ನೂ ಕಚ್ಚದ ಶೂ ಸಿಗುವುದೇ ಅಪರೂಪ. ಎದುರಿನ ಚಪ್ಪಲಿ ಅಂಗಡಿಯ ಅಮ್ಮ ನನ್ನ ಪಾದ ನೋಡಿ, ಒಳಗಿನಿಂದ ಒಂದು ಜೊತೆ ಕಪ್ಪು ಶೂ ತಂದರು. ಹೊಸದು, ಹೂವಿನಷ್ಟು ಹಗುರ.

"ಕಾಸು ಬ್ಯಾಡಮ್ಮ," ಅಂದರು. "ನನ್ ಮಗ್ಳೂ ನಿನ್ನಂಗೇ ಪಾವಾಡೆ, ಇಂಥ ಸ್ಕರ್ಟೇ, ಆಕ್ಕೊಂಡು ಓಡಾಡ್ತಿದ್ಲು. ಓದ ತಿಂಗ್ಳು ತೀರ್ಕೊಂಡ್ಲು. ಮೇಲಿನ ದಾರೀಲಿ ಕಾಲು ಸುಡಬಾರ್ದು ಅಂತ ತಿಥಿ ಮಾಡ್ಸಿದ ಅಯ್ಯರಿಗೆ ಚಪ್ಪಲಿ ದಾನ ಕೊಟ್ವಿ. ಅದು ಅವರ ಕಾಲಿನ ಅಳತೆ. ಅದ್ರಲ್ಲಿ ಇವ್ಳು ಎಂಗೆ ನಡೀತಾಳೆ? ಇದು ಇವ್ಳ ಸೈಜು. ನೀನು ಆಕ್ಕೊಂಡು ನಡಿ, ಸಾಕು."

ಸ್ಕರ್ಟಿಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ಈಗ ಆಟೋ ಪಕ್ಕದಲ್ಲೇ ಬಂದು ನಿಂತರೂ ಹತ್ತಲಾಗುವುದಿಲ್ಲ. ಆ ಹುಡುಗಿ ಅರ್ಧ ದಾರಿಯಲ್ಲಿ ನಿಂತುಬಿಟ್ಟಾಳು ಅನ್ನಿಸುತ್ತದೆ.