ಕನ್ನಡಿ ಬಗ್ಗಿಸುವ ಕೆಲಸ

ನಮ್ಮ ಯಜಮಾನರು ಹನ್ನೊಂದು ವರ್ಷ ಹಿಂದಿ ಸೀರಿಯಲ್‌ಗಳ ಸೆಟ್ಟಿನಲ್ಲಿ ದುಡಿದರು. ಸೋಫಾ ಸರಿಸುವುದು, ಪರದೆ ಕಟ್ಟುವುದು, ನಟಿಯ ಮುಖಕ್ಕೆ ಬೆಳಕು ಬೀಳಲೆಂದು ಬಿಳಿ ಥರ್ಮಾಕೋಲ್ ಹಲಗೆ ಹಿಡಿದು ನಿಲ್ಲುವುದು. ಜೊತೆಗೆ ಕನ್ನಡಿ ಬಗ್ಗಿಸುವುದು. ಕನ್ನಡಿ ನೆಟ್ಟಗಿದ್ದರೆ ಕ್ಯಾಮೆರಾ, ಲೈಟು, ಕೆಲಸದವರು ಎಲ್ಲ ಅದರೊಳಗೆ ಕಾಣುತ್ತಾರೆ. ಹಾಗಾಗಿ ಮೇಲಂಚಿನ ಹಿಂದೆ ಕಾಗದ ಮಡಚಿ ಸಿಕ್ಕಿಸಿ, ಅದು ನೆಲ ನೋಡುವಂತೆ ಮಾಡುತ್ತಿದ್ದರು.

ಭಾಂಡುಪ್‌ನ ನಮ್ಮ ಒಂದೇ ಕೋಣೆಯ ಖೋಲಿಯ ಕನ್ನಡಿಗೂ ಅದೇ ಗತಿ. ಕೈ ಸುಮ್ಮನಿರುತ್ತಿರಲಿಲ್ಲ.

"ನಾ ಕುಂಕುಮ ಹೆಂಗ ಹಚ್ಕೊಳ್ಳಿ? ಬರೇ ಕಾಲ ಕಾಣ್ತಾವ."

"ಕ್ಯಾಮೆರಾ ಕಾಣೂದಿಲ್ಲಲ್ಲ, ಸಾಕು."

ಸೀರಿಯಲ್ ನೋಡುವಾಗ ಕತೆ ಅವರಿಗೆ ಬೇಕಿರಲಿಲ್ಲ. "ಅಲ್ನೋಡ, ಕಂಬದ ಹಿಂದ ಮೈಕ್ ಇಣುಕಾಕತ್ತೈತಿ."

"ಆಕಿ ಗಂಡ ಸತ್ತಾನಂತ ಅಳಾಕತ್ತಾಳ, ನೀವು ಮೈಕ್ ನೋಡ್ತೀರಿ."

"ಹೋದ ಶಾಟಿನ್ಯಾಗ ಆಕಿ ಕೈಯಾಗ ಹಸಿರ ಬಳಿ ಇದ್ವು, ಈಗ ಕೆಂಪು. ಗಂಡ ಸತ್ತ ಗಡಬಡಿಯಾಗ ಬದಲ್ ಮಾಡ್ಯಾಳ ನೋಡ."

ಒಂದು ದಿನ, ಆ ಸೀರಿಯಲ್ಲಿನಲ್ಲೇ ಆದ ತಮ್ಮ ತಪ್ಪೊಂದನ್ನು ತಾವೇ ಬಾಯಿಬಿಟ್ಟರು. ಊಟದ ಬ್ರೇಕಿನಲ್ಲಿ ಯಾರೋ ಕನ್ನಡಿ ಒರೆಸಿ ನೆಟ್ಟಗೆ ಮಾಡಿದ್ದರಂತೆ, ಇವರು ನೋಡಲಿಲ್ಲ. ಅತ್ತೆ ಸೊಸೆಯ ಬಳೆ ಕಸಿಯುವ ಸೀನಿನಲ್ಲಿ ಕನ್ನಡಿಯೊಳಗೆ ಇವರು. ಟಿವಿಯಲ್ಲೂ ಹಾಗೇ ಬಂತು. ಯಾವ ಎಪಿಸೋಡು ಎಂದು ಕೇಳಿದರೆ, "ನೀನ ಹುಡುಕು. ಸಿಕ್ರ ನಾ ಮಟನ್ ಮಾಡ್ತೀನಿ" ಎಂದರು. ಆಗ ನಾನು ಹುಡುಕಲಿಲ್ಲ. ಅವರು ಮನೆಯಲ್ಲೇ ಇದ್ದರಲ್ಲ.

ಹೋದ ಮಳೆಗಾಲದಲ್ಲಿ ಎದೆನೋವು ಬಂದು ಹೋಗಿಬಿಟ್ಟರು. ಆಮೇಲೆ ನೋಡಿದರೆ ನಮ್ಮ ಹತ್ತಿರ ಇದ್ದದ್ದು ನಾಲ್ಕು ಫೋಟೋ. ಎಲ್ಲದರಲ್ಲೂ ಗೋಡೆಗೆ ಆನಿಸಿಟ್ಟ ಹಲಗೆಯಂತೆ ನಿಂತಿದ್ದಾರೆ. ಅವರು ಅಲುಗಾಡುವ ಒಂದೇ ಒಂದು ವಿಡಿಯೋ ಇಲ್ಲ. ಆ ಸೀನು ಬಿಟ್ಟರೆ.

ಅಂದೇ ಫೋನಿನಲ್ಲಿ ಆ ಸೀರಿಯಲ್ ಮೊದಲಿನಿಂದ ಶುರು ಮಾಡಿದೆ. ಒಗ್ಗರಣೆ ಹಾಕುವಾಗ, ನಲ್ಲಿಯ ಮುಂದೆ ಕೊಡ ಇಟ್ಟಾಗ, ಬಾಂದ್ರಾದ ಹೊಲಿಗೆ ಅಂಗಡಿಗೆ ಹೋಗುವ ಲೋಕಲಿನಲ್ಲಿ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಓಡಿಸಿ ನೋಡುವುದು, ತಪ್ಪಿಹೋಯಿತೇನೋ ಎಂದು ಮತ್ತೆ ಹಿಂದಕ್ಕೆ ಬರುವುದು. ನೂರಾರು ಎಪಿಸೋಡು. ಆ ಅತ್ತೆ ಬಳೆ ಕಸಿದದ್ದು ಒಂದು ಸಲವೇ? ಮೂರು ಸಲ ಕಸಿದಳು, ಮೂರು ಸಲವೂ ಕನ್ನಡಿ ನೆಲ ನೋಡುತ್ತಿತ್ತು.

"ಮಮ್ಮಿ, ಬಸ್, ಸಾಕು ಮಾಡು ನಾ," ಎಂದಳು ಮಗಳು. "ಎಷ್ಟು ನೋಡ್ತಿ?"

ನಾಲ್ಕನೆಯ ಸಲ ಕಸಿದದ್ದು ಲೋಕಲು ಘಾಟ್ಕೋಪರ್ ದಾಟಿದ ಮೇಲೆ. ಅಲಮಾರಿಯ ಕನ್ನಡಿಯಲ್ಲಿ ಒಂದು ಬಿಳಿ ಹಲಗೆ, ಅದರ ಕೆಳಗೆ ಎರಡು ಕಾಲು. ಮುಖವೆಲ್ಲ ಹಲಗೆಯ ಹಿಂದೆ. ಎಡಗಾಲು ಎದ್ದು ಬಲಗಾಲಿನ ಮೀನಖಂಡವನ್ನು ಎರಡು ಸಲ ಕೆರೆಯಿತು. ಆಮೇಲೆ ಹಲಗೆ, ಕಾಲು ಎಲ್ಲ ಸರ್ರನೆ ಕನ್ನಡಿಯಿಂದಾಚೆ ಸರಿದವು. ತಪ್ಪು ಗೊತ್ತಾಗಿರಬೇಕು.

ನಾನು ಇಳಿಯಬೇಕಿದ್ದ ಕುರ್ಲಾ ಬಂದು ಹೋಯಿತು. ಇಳಿದದ್ದು ದಾದರಿನಲ್ಲಿ.

ಸಂಜೆ ಮಗಳಿಗೆ ತೋರಿಸಿದೆ. "ಕಾಲ್ ಯಾರ್ದೂ ಇರಬಹುದು ನಾ, ಮಮ್ಮಿ," ಎಂದಳು. ಅಷ್ಟರಲ್ಲಿ ಎಡಗಾಲು ಎದ್ದಿತು. ಸೊಳ್ಳೆ ಇರಲಿ, ಇಲ್ಲದಿರಲಿ, ಇಸ್ತ್ರಿ ಮಾಡುವಾಗಲೂ ಫೋನಿನಲ್ಲಿ ಮಾತಾಡುವಾಗಲೂ ಅವರು ಹಾಗೆಯೇ ಕೆರೆದುಕೊಳ್ಳುತ್ತಿದ್ದರು. ಮಗಳು ಫೋನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಹಿಂದಕ್ಕೆ ಓಡಿಸಿದಳು.

ಇಷ್ಟಾದ ಮೇಲೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮುಖ ಕಾಣಲಿಲ್ಲವಲ್ಲ. ಕೆಲಸದಲ್ಲಿ ಅವರು ಬಲು ಚೊಕ್ಕ ಎಂದು ಹದಿಮೂರನೆಯ ದಿನ ಸೆಟ್ಟಿನವರು ಬಂದು ಹೊಗಳಿದ್ದರು. ಅಷ್ಟು ಚೊಕ್ಕ ಇರಬಾರದಿತ್ತು ಎಂದು ಈಗ ಅನಿಸುತ್ತದೆ. ಆದರೆ ಹನ್ನೊಂದು ವರ್ಷದಲ್ಲಿ ಒಂದೇ ತಪ್ಪು ಆಗಿರಲಾರದು. ಅವರು ಕೆಲಸ ಮಾಡಿದ ಇನ್ನೂ ಐದು ಸೀರಿಯಲ್ ಇವೆ. ನಿನ್ನೆ ಎರಡನೆಯದನ್ನು ಶುರು ಮಾಡಿದ್ದೇನೆ. ಮೊದಲ ಎಪಿಸೋಡಿನಲ್ಲೇ ಮದುವೆಮನೆ, ಗೋಡೆಯ ತುಂಬ ಕನ್ನಡಿಗಳು.